ರೊಟ್ಟಿಗುಂಡಿಯ ಅಡಿಯಲ್ಲಿದ್ದ ವೊ ಕಪ್ಪೆ

ಅವ್ವಾ,

ಮಾವನ ಮನೆಯಲ್ಲಿ ಎಲ್ಲರೂ ಕ್ಷೇಮ, ನನಗೊಬ್ಬನಿಗೇ ಜೀವದಲ್ಲಿ ಜೀವವಿಲ್ಲ. ಇವತ್ತು ಮಳೆ ಪೂಜೆಯ ರೊಟ್ಟಿ ಸುಡಲು ಗುಂಡಿ ತೋಡುವ ಕೆಲಸ ನನ್ನದು. ಎಲ್ಲೆಲ್ಲೂ ಬರೀ ಕಲ್ಲು. ನೆಲ ಮೆತ್ತಗಿದ್ದ ಒಂದೇ ಜಾಗದಲ್ಲಿ ತೋಡಿ, ಕಲ್ಲು ಜೋಡಿಸಿ ಬೆಂಕಿ ಹಾಕಿದೆ. ಸ್ವಲ್ಪ ಹೊತ್ತಿಗೆ ಅಡಿಯಿಂದ ನರಳುವ ಸದ್ದು ಬಂತು. ಬರಿಗೈಯಲ್ಲೇ ಕಾದ ಕಲ್ಲು ಸರಿಸಿ ಕೆದಕಿದರೆ, ಬೆನ್ನಿಗೆ ಕೆಂಪು ಗೆರೆಯ, ಮಳೆ ಬಂದಾಗ 'ವೊ, ವೊ' ಎಂದು ಕೂಗುವ ವೊ ಕಪ್ಪೆ.

"ಮಳೆ ಕರೆಯೋನನ್ನೇ ಬೇಯಿಸೋಕೆ ಹೊರಟ್ಯಲ್ಲೋ ಅಳಿಯ," ಎಂದರು ಊರಿನ ಪೂಜಾರಿ ದೋನ್ ಕಾಸ್ತುಲೊ. ಯಾರೂ ನಗಲಿಲ್ಲ. ಊರಂಚಿನ ಹೊಂಡದ ಸುತ್ತ ಟ್ರಾಕ್ಟರ್ ಹೊಡೆದ ಮೇಲೆ, ಎರಡು ವರ್ಷದಿಂದ ಇಲ್ಲಿ ಒಂದೂ ವೊ ಕೂಗಿಲ್ಲ.

ಅಂಗೈ ಸುಟ್ಟಿದೆ, ಮುಲಾಮು ಹಚ್ಚಿದ್ದೇನೆ. ಕಪ್ಪೆಯನ್ನು ಒದ್ದೆ ಮಣ್ಣಿನ ಮಡಕೆಯಲ್ಲಿ ಇಟ್ಟಿದ್ದೇವೆ. ಈಗ ಮಳೆ ಬಂದಿದೆ. ಯಾರೂ ಹೊರಗೆ ಹೋಗದೆ, ಅದು ಕೂಗುತ್ತದೇನೋ ಎಂದು ಮಡಕೆಗೆ ಕಿವಿಗೊಟ್ಟು ಕೂತಿದ್ದಾರೆ.

ನಿನ್ನ ಎವಾರಿಸ್ತೊ