ಕಾಲು ಮಾತ್ರ ಕಾಣುವ ಹೆಂಗಸು

ನವೆಂಬರ್ ೨, ಭಾನುವಾರ. ತಾಂಡೂರು, ಸಂಜೆ ೬

ಎರಡು ಜಾದೂ ಷೋ ಮುಗಿಯಿತು. ಸೊಂಟ ಹಿಡಿದುಕೊಂಡಿದೆ. ಎರಡನೆಯದಕ್ಕೆ ಪರದೆ ಏಳುವುದು ತಡವಾಯಿತು — ಯಾರಿಗೋ ಶಾಲು, ಯಾರದೋ ಭಾಷಣ. ಅಷ್ಟು ಹೊತ್ತೂ ನಾನು ಮೇಜಿನ ಹೊಟ್ಟೆಯೊಳಗೆ. ನೋಡುವವರಿಗೆ ಅದು ತೆಳ್ಳನೆಯ ಹಲಗೆ. ಒಳಗೆ ಒಬ್ಬಳು ಮಲಗುವಷ್ಟು ಜಾಗವಿದೆ. ಮೇಲೆ ಪೆಟ್ಟಿಗೆ. ರಾಜೇಶ್ವರಿ ಅಕ್ಕ ಎಲ್ಲರೆದುರು ಪೆಟ್ಟಿಗೆ ಹತ್ತುತ್ತಾಳೆ, ಮೊಣಕಾಲು ಎದೆಗೆ ಎಳೆದುಕೊಂಡು ತಲೆಯ ಕಡೆಯ ಅರ್ಧದಲ್ಲೇ ಮುದುಡಿಕೊಳ್ಳುತ್ತಾಳೆ. ನಾನು ಕೆಳಗಿನಿಂದ ನುಸುಳಿ ಇನ್ನೊಂದು ತುದಿಯ ತೂತಿನಿಂದ ಕಾಲು ಚಾಚುತ್ತೇನೆ. ಕಾಶಿರಾಮ ಮಾಸ್ತರರ ಗರಗಸ ನಮ್ಮಿಬ್ಬರ ನಡುವೆ ಹೋಗುತ್ತದೆ. ಮುಖ ಅವರ ಹೆಂಡತಿಯದು, ಕಾಲು ನನ್ನದು. ಹನ್ನೊಂದು ವರ್ಷ.

ಇಬ್ಬರಿಗೂ ಒಂದೇ ಬಣ್ಣದ ನೇಲ್ ಪಾಲಿಶ್, ಒಂದೇ ನಮೂನೆಯ ಗೆಜ್ಜೆ, ಕಾಲುಂಗುರ. ಸೇರಿದ ದಿನ ಮಾಸ್ತರರು ವಿಭೂತಿ ಮುಟ್ಟಿಸಿ ಆಣೆ ಹಾಕಿಸಿದ್ದರು. "ಗಂಡಗ ಸೈತ ಬಾಯಿ ಬಿಡಂಗಿಲ್ಲ, ಉಮಾ." ಬಿಟ್ಟಿಲ್ಲ. ಬಾಯಿ ಬಿಡಬಾರದು ಎಂದಿದ್ದರು, ಬರೆಯಬಾರದು ಎಂದಿರಲಿಲ್ಲ. ಈ ಡೈರಿಯಲ್ಲಾದರೂ ಹೇಳಿಕೊಳ್ಳದಿದ್ದರೆ ಎದೆ ಒಡೆದೀತು.

ಇವತ್ತು ಇವರು, ನನ್ನ ಯಜಮಾನರು, ಹೇಳದೆ ಕೇಳದೆ ಷೋಗೆ ಬಂದಿದ್ದರಂತೆ. ಕಲ್ಲು ಪಾಲಿಶ್ ಕೆಲಸಕ್ಕೆ ವಾರವೆಲ್ಲ ತಾಂಡೂರಿನಲ್ಲೇ ಇದ್ದು ಭಾನುವಾರ ಮಾತ್ರ ಕೊಹೀರಿನ ಮನೆಗೆ ಬರುವ ಮನುಷ್ಯ. ಎರಡನೇ ಸಾಲಿನಲ್ಲಿ ಕೂತು ನನ್ನನ್ನು ಹುಡುಕಿದ್ದಾರೆ. ಹೊರಗೆ ಸಿಕ್ಕಾಗ ಮುಖ ಕಪ್ಪಿಟ್ಟಿತ್ತು. "ಅಷ್ಟೊತ್ತು ಎಲ್ಲಿದ್ದಿ?"

"ಬಟ್ಟಿ ಇಸ್ತ್ರಿ ಮಾಡಲತ್ತಿದ್ದೆರಿ, ಹಿಂದ." ಹನ್ನೊಂದು ವರ್ಷದ ಅದೇ ಸುಳ್ಳು.

"ಹಿಂದ ಹೋಗಿ ನೋಡೀನಿ. ಬಟ್ಟೀನೂ ಇಲ್ಲ, ನೀನೂ ಇಲ್ಲ."

ಅರ್ಧ ಗಂಟೆ ನನ್ನ ಕಾಲನ್ನೇ ನೋಡುತ್ತ ಕೂತಿದ್ದರಲ್ಲ! ಗುರುತು ಹತ್ತಲಿಲ್ಲ. ನಗು ಬಂತು, ಆಮೇಲೆ ಬರಲಿಲ್ಲ.

ನವೆಂಬರ್ ೯, ಭಾನುವಾರ. ಕೊಹೀರ್

ಇವರು ಬರಲಿಲ್ಲ. ಜೋಳದ ರೊಟ್ಟಿ, ಪುಂಡಿ ಪಲ್ಯ ಮಾಡಿ ಕಾದೆ. ನಾಲ್ಕಕ್ಕೆ ಫೋನ್ ಮಾಡಿದರು. "ಮಾಸ್ತರನ ಹೆಂಡ್ತಿಗೆ ಗೊತ್ತದ ಏನ್, ನಿಂದು ಅವಂದು?"

ಏನು ಕೇಳುತ್ತಿದ್ದಾರೆಂದು ತಿಳಿಯಲು ಒಂದು ನಿಮಿಷ ಬೇಕಾಯಿತು. ಆಮೇಲೆ ಬೈದೆ. ಜೀವನದಲ್ಲಿ ಮೊದಲ ಸಲ, ಬಾಯಿಗೆ ಬಂದಹಾಗೆ. ಫೋನ್ ಇಟ್ಟುಬಿಟ್ಟರು.

ಕಾಲುಂಗುರ ಕಿತ್ತು ಅರಿಶಿನದ ಡಬ್ಬಿಯಲ್ಲಿ ಹಾಕಿದೆ. ಕೂತುಕೊಳ್ಳಲಿ ಅಲ್ಲೇ.

ನವೆಂಬರ್ ೧೨, ಬುಧವಾರ. ನಾರಾಯಣಖೇಡ್

ಆಗಬಾರದ್ದು ಆಯಿತು.

ಮೇಜಿಗೆ ಇಳಿಯುವ ಮುಂಚೆ ಗೆಜ್ಜೆ ನೋಡಿಕೊಂಡೆ, ಉಗುರು ನೋಡಿಕೊಂಡೆ. ಕಾಲುಂಗುರ ನೋಡಲಿಲ್ಲ. ಅದನ್ನು ನೋಡುವ ಅಭ್ಯಾಸವೇ ಇಲ್ಲ, ಯಾವತ್ತೂ ಕಾಲಲ್ಲೇ ಇರುತ್ತಿತ್ತು. ಅಕ್ಕ ಎಂದಿನಂತೆ ಪಾದ ತೋರಿಸಿ, ಬೆಳ್ಳಿ ಮಿಂಚಿಸಿ ಪೆಟ್ಟಿಗೆ ಹತ್ತಿದ್ದಾಳೆ. ನಾನು ಬೋಳು ಬೆರಳು ಚಾಚಿದ್ದೇನೆ. ಗರಗಸ ಇನ್ನೂ ಅರ್ಧ ಇಳಿದಿಲ್ಲ, ಮುಂದಿನ ಸಾಲಿನಿಂದ ಒಬ್ಬ ಮುದುಕಿ —

"ಯವ್ವಾ! ಮಾರಿ ಮುತ್ತೈದೀದು, ಕಾಲ್ ಯಾರ್ದವು?"

ಮೊದಲು ಹೆಂಗಸರು ನಕ್ಕರು. ಆಮೇಲೆ ಇಡೀ ಹಾಲ್. ಒಳಗೆ ಕತ್ತಲಲ್ಲಿ ನನಗೆ ತಿಳಿಯಲಿಲ್ಲ. ಕಾಲು ಆಡಿಸುವ ಜಾಗ ಬಂದಾಗ ಆಡಿಸಿದೆ. ನಗು ಇನ್ನೂ ಜೋರಾಯಿತು.

ಮಾಸ್ತರರು ನನ್ನನ್ನು ವ್ಯಾನಿನಿಂದ ಕೊಹೀರ್ ಕ್ರಾಸಿನಲ್ಲಿ ಇಳಿಸಿ, "ಫೋನ್ ಮಾಡ್ತೀನಿ" ಎಂದರು. ತಪ್ಪು ನನ್ನದೇ. ಒಪ್ಪುತ್ತೇನೆ.

ನವೆಂಬರ್ ೩೦

ಫೋನ್ ಇಲ್ಲ. ಮಾಸ್ತರರದೂ ಇಲ್ಲ, ಇವರದೂ ಇಲ್ಲ. ಅಕ್ಕ ಎತ್ತುವುದೇ ಇಲ್ಲ. ಕಾಲುಂಗುರ ಮತ್ತೆ ಹಾಕಿಕೊಂಡಿದ್ದೇನೆ.

ಡಿಸೆಂಬರ್ ೪, ಗುರುವಾರ. ಬೆಳಿಗ್ಗೆ ೧೧

ಪಕ್ಕದ ಮನೆಯ ಮರೆಮ್ಮ ಕುರಿ ಬಿಟ್ಟುಬಂದವಳು ಮೊಬೈಲ್ ಹಿಡಿದು ನಿಂತಳು. "ಉಮಕ್ಕಾ, ಇದರಾಗ ನಿನ್ನ ಹೆಸರ್ ಹೇಳಲತ್ತಾರ."

ಯೂಟ್ಯೂಬ್. ನಮ್ಮ ಮೇಜು, ನಮ್ಮ ಪೆಟ್ಟಿಗೆ, ಹಗಲು ಬೆಳಕಿನಲ್ಲಿ ಬಿಚ್ಚಿಟ್ಟಿದ್ದಾರೆ. ನಾನು ಮಲಗುವ ಜಾಗದಲ್ಲಿ ಯಾರೋ ಹೊಸ ಹುಡುಗಿ, ಹಲ್ಲು ಕಿರಿಯುತ್ತಾಳೆ. ಎರಡೂವರೆ ಲಕ್ಷ ಜನ ನೋಡಿದ್ದಾರಂತೆ. ಮಾಸ್ತರರು ಕೋಟು ಹಾಕಿಕೊಂಡು ದುಃಖದ ಮುಖ ಮಾಡಿ —

"ಈ ಗುಟ್ಟು ನಾ ಸಾಯೂತನಕ ಬಿಡ್ತಿದ್ದಿಲ್ಲ. ನಮ್ಮ ಟ್ರೂಪಿನ ಉಮಾಬಾಯಿ ಊರೆಲ್ಲ ಹೇಳಿಕೊಂಡು ತಿರಗ್ಯಾಳ. ಇನ್ನ ಮುಚ್ಚಿ ಏನ್ ಉಪಯೋಗ?"

ಮೂರು ಸಲ ನೋಡಿದೆ. ಮೂರೂ ಸಲ ಅದನ್ನೇ ಹೇಳಿದರು.

ಕಟ್ಟಿಕೊಂಡ ಗಂಡನಿಗೆ ಹೇಳಲಿಲ್ಲವಲ್ಲೋ ಪುಣ್ಯಾತ್ಮ, ಊರಿಗೆ ಹೇಳುತ್ತೇನೆಯೇ?

ಡಿಸೆಂಬರ್ ೫. ಜಹೀರಾಬಾದಿಗೆ ಹೋಗಿ ಬಂದು

ಮನೆಗೇ ಹೋದೆ. ಮಾಸ್ತರರು ಎದ್ದು ಕುರ್ಚಿ ಕೊಟ್ಟರು. ಅದು ಇನ್ನೂ ಉರಿಸಿತು. ಕೂರಲಿಲ್ಲ.

"ಯಾರಿಗ್ ಹೇಳೀನ್ರಿ ನಾ? ಒಬ್ಬರ ಹೆಸರ್ ಹೇಳ್ರಿ."

"ಯಾರಿಗೂ ಹೇಳಿಲ್ಲ. ನನಗ ಗೊತ್ತದ."

"ಮತ್ತ?"

"ನಾರಾಯಣಖೇಡ ಆದ ಮ್ಯಾಲ ಆ ಐಟಂ ಸತ್ತದ, ಉಮಾ. ಹೆಂಗೂ ಸತ್ತದ, ವಿಡಿಯೊ ಮಾಡೀನಿ. ಆದರ ಗುಟ್ಟ ನಾನೇ ಬಿಟ್ಟೀನಂದ್ರ ಜಾದೂ ಮಂದಿ ನನ್ನ ಮಾರಿಗೆ ಉಗೀತಾರ. ಅದಕ್ಕ ನಿನ್ನ ಹೆಸರ್ ಹೇಳೀನಿ." ಆಮೇಲೆ ಸಮಾಧಾನ ಮಾಡುವವರ ಹಾಗೆ — "ನಿನ್ನ ಯಾರ್ ನೋಡ್ಯಾರ? ನಿಂದೇನ್ ಹೋಗ್ತದ?"

ಅಕ್ಕ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಹನ್ನೊಂದು ವರ್ಷ ಒಂದೇ ಪೆಟ್ಟಿಗೆಯಲ್ಲಿ ಗರಗಸದ ಆಚೆ ಈಚೆ ಮಲಗಿದವರು ನಾವು. ತಲೆ ಎತ್ತಲಿಲ್ಲ. "ಚಾ ಕುಡದು ಹೋಗು" ಎಂದಳು, ಬೆಳ್ಳುಳ್ಳಿಗೆ ಹೇಳಿದ ಹಾಗೆ.

ಬಸ್ಸಿನಲ್ಲಿ ಅತ್ತುಬಿಟ್ಟೆ. ಕಂಡಕ್ಟರ್ ಟಿಕೆಟ್ ಕೇಳದೆ ಮುಂದೆ ಹೋದ, ಆಮೇಲೆ ಬಂದು ಕೇಳಿದ.

ಡಿಸೆಂಬರ್ ೭, ಭಾನುವಾರ. ಮಧ್ಯಾಹ್ನ ೨

ಬಂದಿದ್ದಾರೆ. ಐದು ವಾರದ ಮೇಲೆ. ಚಪ್ಪಲಿ ಬಿಡುವ ಮುಂಚೆಯೇ ಮೊಬೈಲ್ ಮುಂದೆ ಹಿಡಿದರು. ಅದೇ ವಿಡಿಯೊ.

"ಊರ ಮಂದಿಗೆಲ್ಲ ಹೇಳೀದಿ. ನನಗೊಬ್ಬಗ ಹೇಳಾಕ ಬಾಯಿ ಬರಲಿಲ್ಲ?"

"ಯಾರಿಗೂ ಹೇಳಿಲ್ರಿ. ಮಾಸ್ತರಿಗೆ ಮಾತ ಕೊಟ್ಟಿದ್ದೆ, ಅವರೇ ಸುಳ್ಳ ಹೇಳ್ಯಾರ."

"ಇಸ್ತ್ರಿ ಮಾಡ್ತೀನಿ ಅಂದಿದ್ದು ಯಾರು? ಮಾಸ್ತರಾ?"

ನೀರಿನ ತಂಬಿಗೆ ತಂದಿಟ್ಟೆ.

ಸಿಟ್ಟಿಗಿಂತ ಹೆಚ್ಚಾಗಿ ಸೋತುಹೋಗಿದ್ದಾರೆ ಎನಿಸಿತು. "ಆತು. ಈಗರೆ ಹೇಳು. ವಿಡಿಯೊ ಬ್ಯಾಡ ನನಗ, ನಿನ್ನ ಬಾಯಿಲೆ ಕೇಳ್ತೀನಿ. ಇಲ್ಲಂದ್ರ ಮೂರರ ಬಸ್ಸಿಗೆ ತಾಂಡೂರ. ಮತ್ತ ಬರಂಗಿಲ್ಲ."

ಕೈಕಾಲು ತೊಳೆಯಲು ಹಿತ್ತಿಲಿಗೆ ಹೋಗಿದ್ದಾರೆ. ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಲೋಕಕ್ಕೆಲ್ಲ ಗೊತ್ತಾದ ಗುಟ್ಟು, ಹೇಳಿದರೆ ಯಾರ ಗಂಟು ಹೋಗುತ್ತದೆ? ಆದರೆ ಬಾಯಿ ಬಿಟ್ಟರೆ ಇವತ್ತಿನಿಂದ ಮಾಸ್ತರರ ಸುಳ್ಳು ನಿಜವಾಗುತ್ತದೆ. ಹುಚ್ಚು ಯೋಚನೆ. ಗೊತ್ತು. ಆಣೆ ಹಾಕಿಸಿದವರೇ ಗಾಳಿಗೆ ತೂರಿದ್ದಾರೆ. ಆದರೂ ನಾಲಿಗೆ ಹೊರಳುತ್ತಿಲ್ಲ… ಬಂದರು.

೩-೧೦

ಹೋದರು.

ಬಾಯಿ ತೆರೆದಿದ್ದೆ. ಅಳು ಬಂತು, ಮಾತು ಬರಲಿಲ್ಲ. ಕಾದರು. ಬಾಗಿಲಲ್ಲಿ ನಿಂತು ಇನ್ನೊಂದಿಷ್ಟು ಕಾದರು. "ಅಂವಗ ಕೊಟ್ಟ ಮಾತಿನಾಗ ಅರ್ಧ ನನಗ ಕೊಟ್ಟಿದ್ರ…" ಅಂದರು, ಪೂರ್ತಿ ಮಾಡದೆ ಹೋದರು.

ಮಾಸ್ತರರ ಗುಟ್ಟು ಕಾಯುವವಳು ಈ ಭೂಮಿಯ ಮೇಲೆ ಇನ್ನು ನಾನೊಬ್ಬಳೇ. ಥೂ ನನ್ನ ನಿಯತ್ತಿಗೆ.

ಈಗ ಮನೆಯಲ್ಲಿ ಯಾರೂ ಇಲ್ಲ. ಈಗ ಬರುತ್ತಿದೆ ಮಾತು. ಗಟ್ಟಿಯಾಗಿ ಹೇಳುತ್ತಿದ್ದೇನೆ, ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ: ರೀ, ಕೇಳ್ರಿ. ಪರದಿ ಏಳೂಕಿಂತ ಮೊದಲ ಮೇಜಿನೊಳಗ ನಾ ಮಲಗಿರ್ತೀನ್ರಿ. ಆಮ್ಯಾಲ…