ಗೋಡೆಗೆ ನೀವು ಅಂಟಿಸಿದ ತೋಳು

ಔಷಧ ಪ್ರಯೋಗ ಕಚೇರಿಯ ಮುಖ್ಯಾಧಿಕಾರಿಗಳೇ, ಮಾನ್ಯರೇ,

ನನ್ನ ತಮ್ಮನ ತೋಳಿನ ಚರ್ಮ ಸುಲಿದದ್ದು ಒಂದು ಕನ್ನಡಿ ಚೂರು. ಆ ಚೂರು ಹಿಡಿದ ಕೈ ನಮ್ಮ ಬೀದಿಯದೇ. ಆದರೆ ಸುಲಿಯಬೇಕಾದದ್ದು ಎಲ್ಲಿ ಎಂದು ಗುಂಡಗೆ ಗೆರೆ ಎಳೆದು ಕೊಟ್ಟವರು ತಾವು! ಮೊನ್ನೆ ಪತ್ರಕರ್ತರ ಮುಂದೆ ಕುಳಿತು, ನೀರು ಗುಟುಕರಿಸಿ, "ಪ್ರಯೋಗ ಸುಸೂತ್ರವಾಗಿ ಸಾಗಿದೆ, ಒಬ್ಬರು ಮಾತ್ರ ಸ್ವಇಚ್ಛೆಯಿಂದ ಹಿಂದೆ ಸರಿದಿದ್ದಾರೆ" ಎಂದು ಅಪ್ಪಣೆ ಕೊಡಿಸಿದಿರಿ. ಆ ಒಬ್ಬ ನನ್ನ ತಮ್ಮ. ಅವನಿಗೆ ಆ ಸ್ವಇಚ್ಛೆ ಹೇಗೆ ಹುಟ್ಟಿತು ಎಂಬುದನ್ನು ಊರಿಗೆಲ್ಲ ಕೇಳುವಂತೆ ಹೇಳುತ್ತೇನೆ. ಕಿವಿ ಮುಚ್ಚಿಕೊಳ್ಳಲು ತಮ್ಮ ಎರಡೂ ಕೈ ನೆಟ್ಟಗಿವೆಯಲ್ಲ, ಅದೇ ಪುಣ್ಯ.

ನಮ್ಮದು ಒಂದೇ ಬಾಗಿಲಿನ ಮಳಿಗೆ. ಎಡಕ್ಕೆ ನನ್ನ ಇಸ್ತ್ರಿ ಮೇಜು, ಬಲಕ್ಕೆ ಅವನ ಕ್ಷೌರದ ಕುರ್ಚಿ. ಕೆನ್ನೆಯ ಮೇಲೆ ಕತ್ತಿ ಆಡಿದ್ದೇ ತಿಳಿಯದಷ್ಟು ನಯ ಅವನ ಕೈ. ಗಿರಾಕಿಗಳೇ ಅವನನ್ನು ಹೂಗೈ ಎಂದು ಕರೆದರು. ಎಚ್‌ಐವಿ ಇದೆಯೆಂದು ತಿಳಿದಂದಿನಿಂದ ಅವನು ಮಾತ್ರೆ ತಪ್ಪಿಸಿದವನಲ್ಲ. ರಕ್ತದಲ್ಲಿ ವೈರಸ್ಸು ಪರೀಕ್ಷೆಗೂ ಸಿಗದಷ್ಟು ಇಳಿದಿದೆ ಎಂದು ವೈದ್ಯರು ಬೆನ್ನು ತಟ್ಟಿದ್ದರು. ಇಷ್ಟೆಲ್ಲ ಸರಿಯಿರುವಾಗ, ರೋಗನಿರೋಧಕ ಶಕ್ತಿ ಹೆಚ್ಚಿಸುವ ಹೊಸ ಚುಚ್ಚುಮದ್ದಿನ ಪ್ರಯೋಗಕ್ಕೆ ನಿನ್ನ ತೋಳೇ ಯಾಕೆ ಎಂದು ನಾನು ಬೈದೆ.

"ಅಕ್ಕಾ, ನಾನೇನೋ ಗಟ್ಟಿಯಾಗಿದೀನಿ. ಮಾತ್ರೆ ನುಂಗಿ ನುಂಗಿಯೂ ಮೈ ಹತ್ತದೋರು ಆಸ್ಪತ್ರೆ ಬೆಂಚಿನ ಮೇಲೆ ಕೂತಿರ್ತಾರೆ, ನೋಡೋಕಾಗಲ್ಲ. ಈ ಮದ್ದು ನಾಟಿದ್ರೆ ಅವರಿಗೆ ತಾನೆ ಅನುಕೂಲ?"

"ಓಹೋ, ಬಂದ ದಾನಶೂರ! ಮನೆ ಬಾಡಿಗೆ ಕೊಡೋನು ಯಾರಪ್ಪ?"

"ನೀನಿದೀಯಲ್ಲ" ಎಂದು ನಕ್ಕ. ಹೋದ.

ತಮ್ಮ ಕಚೇರಿಯ ಗುಟ್ಟಿನ ಕಟ್ಟುನಿಟ್ಟು ಏನು ಹೇಳಲಿ! ಹೆಸರು ಕೂಗುವಂತಿಲ್ಲ, ನಂಬರು. ಪರದೆಯ ಹಿಂದೆ ಪಿಸುಮಾತು. ಮದ್ದು ಚುಚ್ಚಿದ ಜಾಗದ ಸುತ್ತ ನರ್ಸಮ್ಮ ನೇರಳೆ ಶಾಯಿಯಲ್ಲಿ ಒಂದು ಉಂಗುರ ಬರೆಯುತ್ತಾರೆ. ಕೆಂಪು ಎಲ್ಲಿಯವರೆಗೆ ಹಬ್ಬಿತೆಂದು ಮುಂದಿನ ಭೇಟಿಯಲ್ಲಿ ಅಳೆಯಲು. "ತೊಳೆದ್ರೂ ಹೋಗಲ್ಲ ಅಣ್ಣ, ಮುಚ್ಚಿಟ್ಕೊಳ್ಳಿ" ಎಂದು ಆ ತಾಯಿ ಎಚ್ಚರಿಸಿದ್ದರು. ಸುಡುವ ಸೆಕೆಯಲ್ಲೂ ನನ್ನ ತಮ್ಮ ತುಂಬುತೋಳಿನ ಅಂಗಿ ತೊಟ್ಟು, ಮಣಿಕಟ್ಟಿನವರೆಗೆ ಗುಂಡಿ ಹಾಕಿಕೊಂಡೇ ಕೆಲಸ ಮಾಡಿದ.

ಆಗ ರಂಗಕ್ಕೆ ತಾವು ಬಂದಿರಿ! ಕೈಯಲ್ಲಿ ಅಂಟು, ಕಂಕುಳಲ್ಲಿ ಆಳೆತ್ತರದ ಪೋಸ್ಟರು. ಅದರಲ್ಲೊಂದು ಬರಿಯ ತೋಳು, ತೋಳಿನ ಮೇಲೆ ಅದೇ ನೇರಳೆ ಉಂಗುರ. ಕೆಳಗೆ ದಪ್ಪಕ್ಷರ: "ಎಚ್‌ಐವಿಯೊಂದಿಗೆ ಬದುಕುತ್ತ ನಮ್ಮ ಪ್ರಯೋಗಕ್ಕೆ ತೋಳು ನೀಡಿದ ಧೀರರಿಗೆ ನಮನ." ಆಹಾ, ಏನು ಅಭಿಮಾನ, ಏನು ಬುದ್ಧಿ! ಪರದೆಯ ಹಿಂದೆ ಹೆಸರು ಬಚ್ಚಿಟ್ಟು, ಗುರುತನ್ನು ಬಸ್ ನಿಲ್ದಾಣಕ್ಕೆ ಅಂಟಿಸಿದಿರಲ್ಲ ಸ್ವಾಮಿ! ತಮ್ಮ ಕಚೇರಿಯಲ್ಲಿ ಅಷ್ಟು ಜನ ಓದಿದವರಿದ್ದೀರಿ. ಒಬ್ಬರಿಗೂ ಹೊಳೆಯಲಿಲ್ಲವೇ, ಈ ಉಂಗುರ ಇನ್ನೂ ಕೆಲವರ ಮೈಮೇಲೆ ಇದೆ, ಅವರು ಬೀದಿಯಲ್ಲಿ ಓಡಾಡುತ್ತಾರೆ ಎಂದು?

ನಮ್ಮ ಮಳಿಗೆಯ ಎದುರು ಗೋಡೆಗೂ ಒಂದು ಬಿತ್ತು. ಅಂದು ಕುರ್ಚಿಯಲ್ಲಿ ಕುಳಿತಿದ್ದವನು ಬೇಕರಿಯವ, ಮೀಸೆ ಮೂಡಿದಂದಿನಿಂದ ನಮ್ಮ ಗಿರಾಕಿ. ಒಂದು ಕೆನ್ನೆ ಮುಗಿದಿತ್ತು, ಇನ್ನೊಂದರ ಮೇಲೆ ನೊರೆ. ಅಂಗಿಯ ತೋಳು ಒದ್ದೆಯಾಯಿತೆಂದು ನನ್ನ ತಮ್ಮ ಮರೆತು ಅದನ್ನು ಮೇಲಕ್ಕೆ ಮಡಚಿದ. ಬೇಕರಿಯವನ ಕಣ್ಣು ಕನ್ನಡಿಯಲ್ಲಿತ್ತು. ಆ ಒಂದೇ ಕನ್ನಡಿಯಲ್ಲಿ ಹತ್ತಿರಕ್ಕೆ ತಮ್ಮನ ತೋಳು, ಅದರ ಹಿಂದೆ ಬೀದಿಯಾಚೆಯ ತಮ್ಮ ಪೋಸ್ಟರು!

"ಏಯ್, ಏನೋ ಇದು? ಗೋಡೆ ಮೇಲಿರೋದು ನಿನ್ ಕೈ ಮೇಲೂ ಇದೆ!"

ನೊರೆ ಸುರಿಸುತ್ತ ಓಡಿದವನು ಗುಂಪು ಕಟ್ಟಿಕೊಂಡು ಬಂದ. ಕಬ್ಬಿಣದ ರಾಡಿನ ಮೊದಲ ಏಟಿಗೆ ಕನ್ನಡಿ ಉದುರಿತು. ಎರಡನೆಯದು ತಮ್ಮನ ಪಕ್ಕೆಗೆ.

"ನಮ್ಮ ಕುತ್ತಿಗೆ ಮೇಲೆ ಕತ್ತಿ ಆಡಿಸಿದೀಯಲ್ಲೋ, ಪಾಪಿ!"

"ಅಣ್ಣಾ, ಎಲ್ಲರಿಗೂ ಹೊಸ ಬ್ಲೇಡೇ ಅಣ್ಣಾ, ನಿಮ್ಮ ಕಣ್ಣೆದುರೇ ಮುರಿದು ಹಾಕ್ತೀನಲ್ಲ..."

ಕೇಳುವವರಾರು? ಅವನ ಎಡಗೈಯನ್ನು ಡ್ರಾಯರಿಗೆ ತುರುಕಿ ಬೂಟುಗಾಲಿನಿಂದ ಒದ್ದು ಮುಚ್ಚಿದರು. ಬೆರಳು ಲಟಲಟನೆ ಮುರಿದ ಸದ್ದು ನನ್ನ ಮೇಜಿನವರೆಗೂ ಕೇಳಿತು. "ಆ ಗುರುತು ಕೆರೆದು ಬಿಸಾಕ್ರೋ!" ಎಂದು ಯಾರೋ ಅಬ್ಬರಿಸಿದ. ಮಂಡಿಯೂರಿ ಎದೆಯ ಮೇಲೆ ಕುಳಿತರು. ಕನ್ನಡಿ ಚೂರಿನಿಂದ ಉಂಗುರದ ಸುತ್ತ, ತಮ್ಮ ಕಚೇರಿಯ ನರ್ಸಮ್ಮ ಬರೆದ ಗೆರೆ ಒಂದಿಷ್ಟೂ ತಪ್ಪದಂತೆ, ಚರ್ಮದ ಚಕ್ಕೆ ಎಬ್ಬಿಸಿದರು. ನಾನು ಕಾದ ಇಸ್ತ್ರಿಪೆಟ್ಟಿಗೆ ಎತ್ತಿ ಬೀಸಿದೆ. ಒಬ್ಬನ ಭುಜ ಚುರ್ರೆಂದಿತು; ಉಳಿದವರು ಓಟ ಕಿತ್ತರು. ಅದಕ್ಕೆ ನನ್ನ ಮೇಲೂ ಒಂದು ಕೇಸು ಜಡಿದಿದ್ದಾರೆ. ಜಡಿಯಲಿ! ಮತ್ತೆ ಬಂದರೆ ಇನ್ನೊಂದು ಭುಜವಿದೆಯಲ್ಲ.

ಈಗ ಮಾನ್ಯರೇ, ಕೊನೆಯ ಅಂಕ. ತೋಳಿಗೆ ಪಟ್ಟಿ ಸುತ್ತಿಕೊಂಡು, ಭೇಟಿಯ ದಿನ ತಪ್ಪಿಸಬಾರದೆಂದು, ನನ್ನ ತಮ್ಮ ನಿಮ್ಮ ಕಚೇರಿಗೆ ಬಂದ, ಜೊತೆಗೆ ನಾನೂ. ಮೇಜಿನವರು ಕೇಳಿದ್ದೇನು ಗೊತ್ತೇ?

"ಉಂಗುರ ಎಲ್ರೀ?"

"ಸುಲಿದುಬಿಟ್ರು ಸಾರ್."

"ಮತ್ತೆ ಅಳೆಯೋದು ಹೇಗೆ?"

"ಬಲತೋಳು ಇದೆಯಲ್ಲ ಸಾರ್."

"ಇದು ಎಡತೋಳಿನ ಪ್ರಯೋಗ ಕಣ್ರೀ."

ಅಲ್ಲಿಗೆ ಅವನನ್ನು ಕೈಬಿಟ್ಟರು. ಕಾರಣ ಏನೆಂದು ಹಾಕುತ್ತೀರಿ ಎಂದು ನಾನು ಗುಡುಗಿದೆ. ತಮ್ಮ ನಿಯಮದಲ್ಲಿ ಹೊರಬೀಳಲು ಎರಡೇ ಕಾರಣಗಳಂತೆ: ಒಂದು ಸ್ವಇಚ್ಛೆ, ಇನ್ನೊಂದು ಮರಣ. ಅವನು ಸತ್ತಿರಲಿಲ್ಲ. ಹಾಗಾಗಿ ಸ್ವಇಚ್ಛೆಯಾಯಿತು! ಬದುಕಿ ಬಂದದ್ದಕ್ಕೆ ಸಿಕ್ಕ ಬಿರುದು!

ನನ್ನ ತಮ್ಮ ಮನೆಯಲ್ಲಿ ಮುಖ ಗೋಡೆಗೆ ತಿರುಗಿಸಿ ಮಲಗಿದ್ದಾನೆ. ಬೆರಳಿಗಾಗಿ ಅಳಲಿಲ್ಲ, ಅಂಗಡಿಗಾಗಿ ಅಳಲಿಲ್ಲ. "ಅಕ್ಕಾ, ಮದ್ದು ನಾಟಿತ್ತೋ ಇಲ್ಲವೋ, ಅದೊಂದು ಗೊತ್ತಾಗದೇ ಹೋಯ್ತಲ್ಲ" ಎಂದು ಅತ್ತ. ಆ ಬೆಂಚಿನವರ ಚಿಂತೆ ಅವನಿಗಿನ್ನೂ ಬಿಟ್ಟಿಲ್ಲ. ತಮಗೆ ಯಾವಾಗ ಹತ್ತುತ್ತದೆ?

ಆದ್ದರಿಂದ ಕೇಳಿ. ಪೋಸ್ಟರುಗಳನ್ನು ಇಂದೇ ಕೀಳಿಸಿ, ಇನ್ನೊಂದು ತೋಳು ಸುಲಿಸಿಕೊಳ್ಳುವ ಮುನ್ನ. ಸ್ವಇಚ್ಛೆ ಎಂದ ಮಾತನ್ನು ಅದೇ ಪತ್ರಕರ್ತರ ಮುಂದೆ ನುಂಗಿ. ನನ್ನ ತಮ್ಮನನ್ನು, ಅವನ ಬಲತೋಳಿನ ಸಮೇತ, ಪ್ರಯೋಗಕ್ಕೆ ಮರಳಿ ಸೇರಿಸಿ. ನಾಲ್ಕನೆಯದು: ತಾವೇ ನಮ್ಮ ಮಳಿಗೆಗೆ ಬನ್ನಿ. ಕನ್ನಡಿ ಹೋಯಿತು, ಡ್ರಾಯರು ಹೋಯಿತು. ಕುರ್ಚಿ ಮಾತ್ರ ನೆಲಕ್ಕೆ ಬೋಲ್ಟು ಬಿಗಿದದ್ದು, ಉಳಿದಿದೆ. ಅದರ ಮೇಲೆ ಕುಳಿತು, ಬೀದಿಗೆ ಮುಖ ಮಾಡಿ, ಬೇಕರಿಯವನೂ ಅವನ ಗುಂಪೂ ನೋಡುತ್ತಿರುವಂತೆ ತಲೆ ಹಿಂದಕ್ಕೆ ವಾಲಿಸಿ ಕುತ್ತಿಗೆ ಕೊಡಿ. ಧೀರರಿಗೆ ನಮನ ಎಂದು ಬರೆಸಿದವರಲ್ಲವೇ? ಅವನ ಕತ್ತಿ ಹಿಡಿಯುವ ಕೈ ಬಲಗೈ, ಅದು ನೆಟ್ಟಗಿದೆ. ಹೆದರಬೇಡಿ, ಹೊಸ ಬ್ಲೇಡೇ ಹಾಕುತ್ತಾನೆ. ತಾವು ಸಾಹೇಬರೆಂದಲ್ಲ. ಅವನು ಎಲ್ಲರಿಗೂ ಹಾಕುತ್ತಿದ್ದದ್ದು ಅದನ್ನೇ.

ಇಂತಿ,
ಗುಡಿಸಿದಷ್ಟೂ ಚೂರು ಸಿಗುತ್ತಿರುವ ಮಳಿಗೆಯಿಂದ,
ಇಸ್ತ್ರಿಪೆಟ್ಟಿಗೆ ಇನ್ನೂ ಆರಿಸದ,
ಹೂಗೈಯ ಅಕ್ಕ