ತಪ್ಪು ಅಂಟಿನ ಉಂಡಿಯದಲ್ಲ

ಮಿಶ್ರಿಕೋಟಿ
೧೧ ನವೆಂಬರ್ ೨೦೨೪

ಪ್ರೀತಿಯ ಅವ್ವನಿಗೆ ಅಮೃತಾಳ ಶರಣು.

ಮೊದಲ ಸಾಲಿನಲ್ಲೇ ಹೇಳಿಬಿಡುತ್ತೇನೆ, ನನ್ನ ಕಣ್ಣುಗಳು ಮತ್ತೆ ಬೆಳ್ಳಗಾಗಿವೆ. ನೋವು ನಿಂತಿದೆ, ಜ್ವರವಿಲ್ಲ, ನಿನ್ನೆ ನಾನೇ ರೊಟ್ಟಿ ಬಡಿದೆ. ಈಗ ಒಮ್ಮೆ ಉಸಿರು ಬಿಟ್ಟು, ಚಾಳೀಸು ಹಾಕಿಕೊಂಡು ಮುಂದಿನದನ್ನು ಓದು.

ಪತ್ರವೇಕೆ ಎಂದರೆ ನೀನು ಫೋನಿಗೆ ಬರುತ್ತಿಲ್ಲ. ಯಾವಾಗ ಮಾಡಿದರೂ ಸಂಗನಬಸವಣ್ಣ "ಅವ್ವ ಹೊಲಕ್ಕ ಹೋಗ್ಯಾಳ" ಎನ್ನುತ್ತಾನೆ. ಕತ್ತಲಾದ ಮೇಲೆ ಯಾವ ಹೊಲ ಅವ್ವಾ? ಹಿಂದಿನಿಂದ ನೀನು ಕೆಮ್ಮಿದ್ದು ನನಗೆ ಕೇಳಿಸಿದೆ. ಫೋನನ್ನು ಬೇರೆಯವರ ಕೈಗೆ ಕೊಟ್ಟು ತಪ್ಪಿಸಿಕೊಳ್ಳಬಹುದು, ಪತ್ರವನ್ನು ನೀನೇ ಓದಬೇಕಾಗುತ್ತದೆ.

ಯಾಕೆ ಬರುತ್ತಿಲ್ಲ ಎಂಬುದೂ ಗೊತ್ತು. ಹುಬ್ಬಳ್ಳಿಯಲ್ಲಿ ಕಲ್ಲು ತುಂಬಿದ ನನ್ನ ಪಿತ್ತಕೋಶ ತೆಗೆಸಿ ಮನೆಗೆ ಕರೆತಂದ ವಾರಕ್ಕೆ ನೀನು ಡಬ್ಬಿ ತುಂಬ ಅಂಟಿನ ಉಂಡಿ ಕಟ್ಟಿಕೊಂಡು ಬಂದೆ. ಕೊಬ್ಬರಿ, ಉತ್ತತ್ತಿ, ಕೈಗೆ ಹತ್ತುವಷ್ಟು ತುಪ್ಪ. ಆಪರೇಷನ್ ಆದ ಮಗಳಿಗೆ ಶಕ್ತಿ ಬರಲಿ ಎಂದು. ಎಂದಿನಂತೆ ನೀನೊಂದು ಚೂರೂ ಬಾಯಿಗಿಡಲಿಲ್ಲ, ಮಾಡುವಾಗಲೇ ವಾಸನೆಗೆ ಹೊಟ್ಟೆ ತುಂಬಿತೆಂದೆ. ನಾನು ಮಾತ್ರ ನೀನು ಕೊಟ್ಟದ್ದನ್ನೂ ತಿಂದೆ, ನಿನ್ನ ಕಣ್ಣು ತಪ್ಪಿಸಿಯೂ ತಿಂದೆ. ಮರುದಿನ ಅದೇ ಹಳೆಯ ನೋವು, ಬಲ ಪಕ್ಕೆಲುಬಿನ ಕೆಳಗೆ. ನೀನು ಇಲ್ಲಿರುವಾಗಲೇ ಕಣ್ಣೂ ಹಳದಿಯಾದವು. ನಿನ್ನಪ್ಪ, ನಮ್ಮ ಶಂಕ್ರಪ್ಪಜ್ಜ, ಕಣ್ಣು ಹಳದಿಯಾಗಿಯೇ ಹೋದವನು. ನಿನ್ನ ಮುಖ ನೋಡಿ ನನಗೂ ಅದೇ ನೆನಪಾಯಿತು.

ಆಗ ಅತ್ತಿ, ಬಾಜು ಮನೆಯ ಕೆಂಚವ್ವನ ಎದುರೇ ಅಂದುಬಿಟ್ಟರು: "ನಿಮ್ಮ ಉಂಡಿನ ನನ್ನ ಸೊಸೀನ್ನ ತಿಂತು ನೋಡ್ರಿ ಬೀಗರ." ನೀನು ಚೀಲ ಎತ್ತಿಕೊಂಡು ಬಸ್ಸಿಗೆ ನಡೆದೆ. ನನ್ನನ್ನು ಮತ್ತೆ ಹುಬ್ಬಳ್ಳಿಗೆ ಒಯ್ಯುವಾಗ ಸಂಗನಬಸವಣ್ಣನಿಗೆ "ನನ್ನ ಕೈ ಚಲೋ ಅಲ್ಲ, ನಾ ಬರಂಗಿಲ್ಲ" ಅಂದೆಯಂತೆ. ಹೊಟ್ಟೆಯ ನೋವಿಗಿಂತ ಆ ಮಾತೇ ನನ್ನನ್ನು ಹೆಚ್ಚು ಅಳಿಸಿತು.

ಈಗ ಕೇಳು. ಡಾಕ್ಟರಬಾಯಿ ಊರ್ಮಿಳಾ ಅವರು ಬಾಯೊಳಗಿಂದ ನಳಿಕೆ ಇಳಿಸಿ ಒಂದು ಕಲ್ಲು ತೆಗೆದರು. ಗಂಟಲ್ಲ, ಕ್ಯಾನ್ಸರಲ್ಲ, ಬರೀ ಕಲ್ಲು, ತೊಗರಿ ಕಾಳಿನಷ್ಟು. ಸುದ್ದಿ ಕೇಳಿ ನಿನ್ನ ಅಳಿಯಂದಿರು ಆಸ್ಪತ್ರೆಯ ಮೆಟ್ಟಿಲ ಮೇಲೇ ಕುಳಿತು ಅತ್ತರಂತೆ. ನನ್ನ ಮುಂದೆ ಮಾತ್ರ ಏನೂ ಆಗದವರ ಹಾಗೆ ಚಹಾ ತಂದುಕೊಟ್ಟರು.

ಅತ್ತಿ ಬಿಡಬೇಕಲ್ಲ. ನೇರ ಡಾಕ್ಟರಬಾಯಿಯ ಮುಂದೆ ಹೋಗಿ ಕುಳಿತರು. "ಪಿತ್ತದ ಚೀಲಾನ ತಗದ ಮ್ಯಾಲ ಮತ್ತ ಕಲ್ಲ ಎಲ್ಲಿಂದ ಬಂತ್ರಿ? ಇವರವ್ವ ತುಪ್ಪದ ಉಂಡಿ ತಿನಿಸಿದ್ದಕ್ಕ ಹೌದಿಲ್ಲೋ?" ಅವರು ನಕ್ಕು, "ಉಂಡಿ ತಿಂದ್ರ ಒಂದೆರಡ ದಿನದಾಗ ಕಲ್ಲ ಆಗೂದಿಲ್ರಿ ಅವ್ವಾರ" ಎಂದರು.

ಪಿತ್ತ ತಯಾರಾಗುವುದು ಲಿವರಿನಲ್ಲಂತೆ. ಪಿತ್ತಕೋಶ ಅದನ್ನು ತುಂಬಿಟ್ಟುಕೊಳ್ಳುವ ಟಾಕಿ ಮಾತ್ರ. ಎಣ್ಣೆ ತುಪ್ಪ ಹೊಟ್ಟೆಗಿಳಿದಾಗ ಹಿಂಡಿಕೊಂಡು ಹೊರಗೆ ಬಿಡುತ್ತದೆ. ಟಾಕಿ ತೆಗೆದರೂ ಪೈಪು ಇರುತ್ತದಲ್ಲ, ಆಪರೇಷನ್ನಿಗೆ ಮೊದಲೇ ಒಂದು ಕಲ್ಲು ಜಾರಿ ಅದರಲ್ಲಿ ಕುಳಿತಿತ್ತು. ನೀನು ಉಂಡಿ ತರದಿದ್ದರೂ ಅದು ಒಂದಿಲ್ಲೊಂದು ದಿನ ಕಾಡುತ್ತಿತ್ತು. ಬೇಗ ಗೊತ್ತಾದದ್ದೇ ಒಳ್ಳೆಯದಾಯಿತು, ತಡವಾಗಿದ್ದರೆ ನಂಜೇರುತ್ತಿತ್ತು ಎಂದರು. ಪೈಪಿನಲ್ಲಿ ಹೊಸ ಕಲ್ಲು ಹುಟ್ಟುವುದು ಅಪರೂಪ, ಆಗುವುದೇ ಇಲ್ಲವೆಂದಲ್ಲ. ಕಣ್ಣು ಹಳದಿಯಾದರೆ, ಚಳಿಜ್ವರ ಬಂದರೆ ತಕ್ಷಣ ಬರಬೇಕು. ತುಪ್ಪವನ್ನು ಸದ್ಯ ಸ್ವಲ್ಪ ಸ್ವಲ್ಪ, ರೂಢಿಯಾದ ಮೇಲೆ ಎಲ್ಲ ತಿನ್ನಬಹುದಂತೆ.

ಮನೆಗೆ ಬಂದು ನೋಡಿದರೆ ನನ್ನ ಕೈಗೆ ಸಿಗದಂತೆ ಅತ್ತಿಯೇ ಅಟ್ಟಕ್ಕೆ ಏರಿಸಿದ್ದ ಡಬ್ಬಿ ಹಗುರಾಗಿದೆ. ಕೇಳಿದರೆ, "ಕೆಟ್ಟ ಹೊಕ್ಕಾವ ಅಂತ ನಾನ ತಿಂದೆ" ಅಂದರು. ಆಮೇಲೆ ಸಣ್ಣ ದನಿಯಲ್ಲಿ, "ನಿಮ್ಮವ್ವನ ಕೈ ಅಗದಿ ಚಲೋ ಐತಿ ನೋಡ" ಎಂದರು. ಅವರ ಬಾಯಿಂದ ಇದಕ್ಕಿಂತ ದೊಡ್ಡ ಕ್ಷಮೆ ಬರಲಾರದು, ಇದನ್ನೇ ಇಟ್ಟುಕೋ.

ಅವ್ವಾ, ನಾನು ಚೆನ್ನಾಗಿದ್ದೇನೆ. ನಿನ್ನ ಮೇಲೆ ಎಳ್ಳಷ್ಟೂ ಸಿಟ್ಟಿಲ್ಲ, ಯಾವತ್ತೂ ಇರಲಿಲ್ಲ. ನೀನೊಮ್ಮೆ ಬಂದು ನನ್ನ ತಲೆ ನೇವರಿಸಿದರೆ ಇದೆಲ್ಲ ಮುಗಿದ ಹಾಗೆ.

ನಿನ್ನ ದಾರಿ ಕಾಯುವ ಮಗಳು,
ಅಮೃತಾ

ತಾ.ಕ.: ಇದನ್ನು ಮೇಲೆ ಬರೆದಿದ್ದರೆ ನೀನು ಅರ್ಧಕ್ಕೇ ಪತ್ರ ಮಡಚುತ್ತಿದ್ದೆ, ಅದಕ್ಕೇ ಕೊನೆಗಿಟ್ಟೆ. ಹೊರಡುವಾಗ ಡಾಕ್ಟರಬಾಯಿ, ಈ ಕಲ್ಲು ಒಂದೇ ಮನೆಯ ಹಲವರಿಗೆ ಬರುವುದುಂಟು, ನಿಮ್ಮವ್ವನಿಗೆ ಇಂಥ ನೋವಿದೆಯೇ ಎಂದು ಕೇಳಿದರು. ಇಲ್ಲ ಎಂದೆ. ಬಸ್ಸಿನಲ್ಲಿ ಕುಳಿತಾಗ ನನ್ನ ಕೈ ರೂಢಿಯಿಂದ ಬಲ ಪಕ್ಕೆಲುಬಿನ ಕೆಳಗೆ ಹೋಯಿತು. ಹೋಳಿಗೆ ಮಾಡಿದ ದಿನ ನೀನು ಕಂಬಕ್ಕೆ ಒರಗಿ ನಿಲ್ಲುತ್ತಿದ್ದುದು ಹಾಗೇ ಅಲ್ಲವೇ? "ಗ್ಯಾಸ ಆಗೇತಿ" ಎಂದು ಸೋಡಾ ಕುಡಿಯುತ್ತಿದ್ದೆ. ನಿನ್ನ ಸೊಸೆ ನೇತ್ರಾ ವೈನಿಯನ್ನು ಕೇಳಿದೆ, ಈ ದಸರೆಗೂ ಹಾಗೇ ಆಯಿತಂತೆ. ನೀನು ಉಂಡಿ ತಿನ್ನದಿರುವುದು ನಮಗೆ ಉಳಿಸಲೆಂದು ಇಷ್ಟು ವರ್ಷ ನಂಬಿದ್ದೆವಲ್ಲ ಅವ್ವಾ!

ಬರುವ ಸೋಮವಾರ ನಿನ್ನ ಸ್ಕ್ಯಾನಿಂಗಿಗೆ ಹೆಸರು ಹಚ್ಚಿದ್ದೇನೆ. ಬೆಳಿಗ್ಗೆ ಏನೂ ತಿನ್ನಬೇಡ. ಉಂಡರೆ ಪಿತ್ತಕೋಶ ಖಾಲಿಯಾಗಿ ಮುದುಡಿ, ಕಲ್ಲು ಸರಿಯಾಗಿ ಕಾಣುವುದಿಲ್ಲವಂತೆ. ನಿನ್ನನ್ನು ಕರೆಯಲು ಅತ್ತಿಯೇ ದೇವಿಕೊಪ್ಪಕ್ಕೆ ಬರುತ್ತಾರೆ. ಹೊಲಕ್ಕೆ ಹೋಗಿದ್ದೀಯೆಂದು ಹೇಳಿಸಬೇಡ, ಅವರು ಹೊಲಕ್ಕೂ ಬರುತ್ತಾರೆ.